ವಿಂಡೋಸ್ 10 ಬಿಟ್ಟು ಲಿನಕ್ಸ್‌ಗೆ ಹೋದರೆ ಆಟಗಳ ಗತಿ ಏನು? ಸರ್ವರ್ ಮುಚ್ಚಿದ ಆಟಗಳ ವಿಷಯದಲ್ಲಿ ಕಾನೂನು ಏನು ಮಾಡಬೇಕು?

ಪಿಕ್ಸೆಲ್ ಪುಟ್ಟ ಕೇಳಿದ್ದು:

ಯಂತ್ರದ ವಿವರ ಮೊದಲು ಹಾಕಿಬಿಡ್ತೀನಿ. ಇಂಟೆಲ್ ಐ5-7500, 16 ಜಿಬಿ ರ‍್ಯಾಮ್, ಎನ್‌ವಿಡಿಯಾ ಜಿಟಿಎಕ್ಸ್ 1060 (6 ಜಿಬಿ). ವಿಂಡೋಸ್ 10 ಇರೋದು 256 ಜಿಬಿ ಎಸ್‌ಎಸ್‌ಡಿಯಲ್ಲಿ. ಆಟಗಳೆಲ್ಲ 1 ಟಿಬಿ ಹಾರ್ಡ್ ಡಿಸ್ಕಲ್ಲಿ, ಅದು ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಇಡುವ ಪದ್ಧತಿ), ಸುಮಾರು 420 ಜಿಬಿ ತುಂಬಿದೆ. ಸ್ಟೀಮ್ ಅಂಗಡಿಯ ಆಟಗಳೇ ಜಾಸ್ತಿ, ಗಾಗ್ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಯಿಂದ ತಗೊಂಡವು ಹತ್ತಿಪ್ಪತ್ತು.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. 7ನೇ ತಲೆಮಾರಿನ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11ರ ಪಟ್ಟಿಯಲ್ಲಿ ಇದು ಇಲ್ಲ. ರಿಜಿಸ್ಟ್ರಿ ತಿದ್ದಿ ಹಾಕಬಹುದು ಅಂತಾರೆ, ಅದು ಬೇಡ. ಪ್ರಶ್ನೆ ಮೂರು:

1. ಲಿನಕ್ಸ್ ಹಾಕಿದ ಮೇಲೆ ಆ 420 ಜಿಬಿಯನ್ನು ಮತ್ತೆ ಡೌನ್‌ಲೋಡ್ ಮಾಡದೆ ಇದ್ದ ಹಾಗೇ ಬಳಸಬಹುದಾ? ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಈ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೇಲೆ ಹೇಗೆ ಓಡುತ್ತೆ?

2. ಆಂಟಿ-ಚೀಟ್ (ಮೋಸದಾಟ ತಡೆಯುವ ಸಾಫ್ಟ್‌ವೇರ್) ಇರುವ ಕೆಲವು ಆಟ ಲಿನಕ್ಸ್‌ನಲ್ಲಿ ಬರುತ್ತೆ, ಕೆಲವು ಬರಲ್ಲ. ಇದು ತಾಂತ್ರಿಕವಾಗಿ ಆಗದ ಕೆಲಸವೋ, ಕಂಪನಿಗಳಿಗೆ ಮನಸ್ಸಿಲ್ಲವೋ?

3. ದುಡ್ಡು ಕೊಟ್ಟು ತಗೊಂಡ ಆಟದ ಸರ್ವರ್ ಮುಚ್ಚಿದರೆ ಆಟವೇ ಸತ್ತುಹೋಗುತ್ತೆ. ಇದಕ್ಕೆ ಕಾನೂನು ತನ್ನಿ ಅನ್ನೋ ಕೂಗು ಇದೆಯಲ್ಲ, ಎಂಜಿನಿಯರಿಂಗ್ ಕಡೆಯಿಂದ ನೋಡಿದರೆ ಅದು ನಡೆಯುವ ಮಾತಾ?

ಭಾವಾವೇಶ ಬೇಡ, ಗೊತ್ತಿರೋರು ವಿವರವಾಗಿ ಹೇಳಿ.

---

ಅರ್ಧರಾತ್ರಿ ಕಂಪೈಲರ್ ಉತ್ತರ:

ಮೊದಲನೇ ಪ್ರಶ್ನೆ ನನಗಿರಲಿ.

ಆತುರ ಬೇಡ. ವಿಂಡೋಸ್ 10ಕ್ಕೆ ಮನೆಬಳಕೆದಾರರ ವಿಸ್ತರಿತ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಇಟ್ಟಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡದೆಯೂ ಸೇರಬಹುದು. ಅಂದರೆ ಹಳೇದನ್ನು ಅಳಿಸದೆ ಪಕ್ಕದಲ್ಲೇ ಲಿನಕ್ಸ್ ಹಾಕಿ ನೋಡೋಕೆ ಅವಕಾಶ ಇದೆ.

ಈಗ ಎನ್‌ಟಿಎಫ್‌ಎಸ್ ವಿಷಯ. ಹೊಸಬರು ಹೆಚ್ಚು ಎಡವೋದು ಇಲ್ಲೇ. ಹಾರ್ಡ್ ಡಿಸ್ಕನ್ನು ಹಾಗೇ ಮೌಂಟ್ ಮಾಡಿ (ಲಿನಕ್ಸ್‌ಗೆ ಜೋಡಿಸಿ) ಸ್ಟೀಮ್‌ಗೆ ಲೈಬ್ರರಿ ಅಂತ ತೋರಿಸಿದರೆ ಆಟಗಳ ಹೆಸರೆಲ್ಲ ಕಾಣುತ್ತೆ, "ಪ್ಲೇ" ಒತ್ತಿದರೆ ಎರಡು ಸೆಕೆಂಡ್ ಗಿರಕಿ ಹೊಡೆದು ಮತ್ತೆ "ಪ್ಲೇ"ಗೇ ಬಂದು ನಿಲ್ಲುತ್ತೆ. ತಪ್ಪು ಏನು ಅಂತ ಎಲ್ಲೂ ಹೇಳಲ್ಲ. ಕಾರಣ ಇದು: ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ನಕಲಿ ವಿಂಡೋಸ್ ಕಟ್ಟುತ್ತೆ. ಅದಕ್ಕೆ ಪ್ರಿಫಿಕ್ಸ್ ಅಂತ ಹೆಸರು, ಲೈಬ್ರರಿಯ ಕಾಂಪ್ಯಾಟ್‌ಡೇಟಾ ಫೋಲ್ಡರಲ್ಲಿ ಇರುತ್ತೆ. ಅದರೊಳಗೆ ಸಿ ಡ್ರೈವ್, ಝಡ್ ಡ್ರೈವ್‌ಗಳಿಗೆ ಕೊಂಡಿಗಳಿರುತ್ತವೆ, ಅವುಗಳ ಹೆಸರಲ್ಲೇ ಕೋಲನ್ ಚಿಹ್ನೆ ಇರುತ್ತೆ. ವಿಂಡೋಸ್ ನಿಯಮದ ಪ್ರಕಾರ ಫೈಲ್ ಹೆಸರಲ್ಲಿ ಕೋಲನ್ ಬರಕೂಡದು. ಮೌಂಟ್ ಆಯ್ಕೆಗಳನ್ನು ನೋಡಿಕೊಂಡು ಲಿನಕ್ಸ್‌ನ ಎನ್‌ಟಿಎಫ್‌ಎಸ್ ಡ್ರೈವರ್ ಅದನ್ನು ಒಂದೋ ತಡೆಯುತ್ತೆ, ಇಲ್ಲ ಬರೆದುಬಿಡುತ್ತೆ. ಬರೆದರೆ ಇನ್ನೂ ಕೆಟ್ಟದ್ದು: ಮುಂದಿನ ಸಲ ವಿಂಡೋಸ್‌ಗೆ ಹೋದಾಗ ಡಿಸ್ಕ್ ತಪಾಸಣೆ ಅದನ್ನು ಹಾಳಾದ ನಮೂದು ಅಂತ ಎತ್ತಿ ಬಿಸಾಡುತ್ತೆ.

ಕಾಂಪ್ಯಾಟ್‌ಡೇಟಾ ಒಂದನ್ನೇ ಲಿನಕ್ಸ್ ಪಾರ್ಟಿಶನ್‌ಗೆ (ಡಿಸ್ಕಿನ ಲಿನಕ್ಸ್ ಭಾಗಕ್ಕೆ) ಸಿಮ್‌ಲಿಂಕ್ ಮಾಡಿದರೆ, ಅಂದ್ರೆ ಕೊಂಡಿ ಹಾಕಿದರೆ, ಸಾಕು ಅಂತ ಎಲ್ಲ ಕಡೆ ಬರೆದಿರ್ತಾರೆ. ಕೆಲಸ ಮಾಡುತ್ತೆ, ಆದರೆ ತೇಪೆ ತೇಪೆಯೇ. ನಿಮ್ಮ ಡಿಸ್ಕಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದೆ, ತೇಪೆ ಯಾಕೆ? ಹೀಗೆ ಮಾಡಿ:

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಲ್ಲೇ ಎನ್‌ಟಿಎಫ್‌ಎಸ್ ಪಾರ್ಟಿಶನ್ ಕುಗ್ಗಿಸಿ ಸುಮಾರು 450 ಜಿಬಿ ಬಿಡಿಸಿಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ "ಶಟ್‌ಡೌನ್" ಅಂದ್ರೂ ವಿಂಡೋಸ್ ಅರೆನಿದ್ದೆಗೆ ಹೋಗಿರುತ್ತೆ ಅಷ್ಟೆ, ಲಿನಕ್ಸ್ ಆ ಪಾರ್ಟಿಶನ್ನನ್ನು ಓದಲು ಮಾತ್ರ ಅಂತ ಮೌಂಟ್ ಮಾಡುತ್ತೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಬಯೋಸ್ ಮುಟ್ಟುವ ಮುಂಚೆ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಲಿನಕ್ಸ್ ಹಾಕಿದ ಮೇಲೆ ಖಾಲಿ ಜಾಗವನ್ನು ಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಪದ್ಧತಿ) ಮಾಡಿ, ಅದರ ಒಡೆತನ ನಿಮ್ಮ ಬಳಕೆದಾರ ಹೆಸರಿಗೆ ಬರಲಿ. ಮಾಡದಿದ್ದರೆ ಅದು ರೂಟ್ (ನಿರ್ವಾಹಕ ಖಾತೆ) ಹೆಸರಲ್ಲಿ ಉಳಿದು ಸ್ಟೀಮ್ ಬರೆಯೋಕಾಗದೆ "ಡಿಸ್ಕ್ ರೈಟ್ ಎರರ್" ಅನ್ನುತ್ತೆ. ಬೂಟ್ ಆದಾಗ ತಾನೇ ಮೌಂಟ್ ಆಗೋ ಹಾಗೆ ಎಫ್‌ಎಸ್‌ಟ್ಯಾಬಲ್ಲಿ (ಮೌಂಟ್ ಪಟ್ಟಿಯ ಫೈಲ್) ಯುಯುಐಡಿ (ಪಾರ್ಟಿಶನ್ನಿನ ಗುರುತು ಸಂಖ್ಯೆ) ಬಳಸಿ ಬರೆಯಿರಿ, ಜೊತೆಗೆ ನೋಫೇಲ್ ಆಯ್ಕೆ ಇರಲೇಬೇಕು. ಅದಿಲ್ಲದೆ ಒಂದಿನ ಡಿಸ್ಕ್ ಕೇಬಲ್ ಸಡಿಲವಾದರೆ ಇಡೀ ಯಂತ್ರ ಎಮರ್ಜೆನ್ಸಿ ಮೋಡಲ್ಲಿ ಕೂತುಬಿಡುತ್ತೆ.

ಆಮೇಲೆ ಆ ಜಾಗವನ್ನು ಸ್ಟೀಮ್‌ಗೆ ಹೊಸ ಲೈಬ್ರರಿ ಅಂತ ತೋರಿಸಿ, ಹಳೇ ಲೈಬ್ರರಿಯ ಕಾಮನ್ ಫೋಲ್ಡರಿಂದ ಒಂದೊಂದೇ ಆಟದ ಫೋಲ್ಡರನ್ನು ಹೊಸ ಲೈಬ್ರರಿಯ ಕಾಮನ್‌ಗೆ ಕಾಪಿ ಮಾಡಿ. "ಇನ್‌ಸ್ಟಾಲ್" ಒತ್ತುವ ಮುಂಚೆ ಆಟದ ಪ್ರಾಪರ್ಟೀಸ್‌ಗೆ ಹೋಗಿ ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನನ್ನು ಕಡ್ಡಾಯ ಮಾಡಿ. ಇದನ್ನು ಮರೆತರೆ, ಲಿನಕ್ಸ್ ಆವೃತ್ತಿಯೂ ಇರುವ ಆಟಗಳಲ್ಲಿ ಸ್ಟೀಮ್ ವಿಂಡೋಸ್ ಫೈಲ್‌ಗಳನ್ನು ಪಕ್ಕಕ್ಕಿಟ್ಟು ಲಿನಕ್ಸ್ ಫೈಲ್ ಇಳಿಸೋಕೆ ಶುರುಮಾಡುತ್ತೆ. ಈಗ ಇನ್‌ಸ್ಟಾಲ್ ಒತ್ತಿದರೆ ಇರುವ ಫೈಲ್‌ಗಳನ್ನು ತಾಳೆ ನೋಡಿ, ಕಮ್ಮಿ ಬಿದ್ದ ಚೂರುಪಾರನ್ನಷ್ಟೇ ಇಳಿಸಿಕೊಳ್ಳುತ್ತೆ.

ಸೇವ್ ಫೈಲ್: ಸ್ಟೀಮ್ ಕ್ಲೌಡ್ ಇಲ್ಲದ ಆಟಗಳ ಸೇವ್ ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಅಥವಾ ಆಪ್‌ಡೇಟಾ ಒಳಗಿರುತ್ತೆ. ಲಿನಕ್ಸ್‌ನಲ್ಲಿ ಅದೇ ಜಾಗ ಆ ಆಟದ ಪ್ರಿಫಿಕ್ಸ್ ಒಳಗೆ ಬರುತ್ತೆ, ಬಳಕೆದಾರನ ಹೆಸರು ಯಾವಾಗಲೂ ಸ್ಟೀಮ್‌ಯೂಸರ್. ಯಾವ ತೊಂದರೆ ಬಂದರೂ "ಪ್ರಿಫಿಕ್ಸ್ ಅಳಿಸಿ ನೋಡು" ಅಂತ ಸಲಹೆ ಕೊಡೋರು ಬಹಳ. ಅಳಿಸಿದರೆ ಸೇವ್ ಕೂಡ ಹೋಗುತ್ತೆ ಅಂತ ಮಾತ್ರ ಹೇಳಲ್ಲ ಪುಣ್ಯಾತ್ಮರು.

ಜಿಪಿಯು: 1060 ಪ್ಯಾಸ್ಕಲ್ ಪೀಳಿಗೆ. ಎನ್‌ವಿಡಿಯಾದ 580 ಸರಣಿಯೇ ಇದಕ್ಕೆ ಕೊನೆಯ ಡ್ರೈವರ್ ಶಾಖೆ, ಅದಕ್ಕಿಂತ ಮೇಲಿನದು ಹಾಕಿದರೆ ಕಾರ್ಡ್ ಗುರುತೇ ಸಿಗಲ್ಲ. ಡೈರೆಕ್ಟ್‌ಎಕ್ಸ್ (ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ) 9, 10, 11ರ ಆಟಗಳನ್ನು ಪ್ರೋಟಾನ್‌ನ ಡಿಎಕ್ಸ್‌ವಿಕೆ ಅನ್ನೋ ಭಾಗ ಲಿನಕ್ಸ್‌ಗೆ ಗೊತ್ತಿರೋ ವಲ್ಕನ್‌ಗೆ ತರ್ಜುಮೆ ಮಾಡುತ್ತೆ. ಈ ಕೆಲಸ ಎಷ್ಟು ಹದಕ್ಕೆ ಬಂದಿದೆ ಅಂದ್ರೆ ಹೆಚ್ಚಿನ ಆಟಗಳಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ಡೈರೆಕ್ಟ್‌ಎಕ್ಸ್ 12 ಬೇರೆ ಕಥೆ. ಅದನ್ನು ನೋಡಿಕೊಳ್ಳೋದು ವಿಕೆಡಿ3ಡಿ-ಪ್ರೋಟಾನ್. ಅದು ನೆಚ್ಚಿಕೊಂಡಿರೋ ಕೆಲವು ಹಾರ್ಡ್‌ವೇರ್ ಸೌಲಭ್ಯ ಪ್ಯಾಸ್ಕಲ್‌ನಲ್ಲಿ ದುರ್ಬಲ, ಫ್ರೇಮ್ ರೇಟ್ ಚೆನ್ನಾಗೇ ಬೀಳುತ್ತೆ. ಆಟದ ಸೆಟ್ಟಿಂಗಲ್ಲಿ 11, 12 ಎರಡೂ ಇದ್ದರೆ ಕಣ್ಣು ಮುಚ್ಚಿ 11 ಆರಿಸಿ.

ಯಾವ ಡಿಸ್ಟ್ರೋ (ಲಿನಕ್ಸ್ ಆವೃತ್ತಿ) ಅನ್ನೋದು ಮುಗಿಯದ ಜಗಳ. ನಿಮ್ಮ ಯಂತ್ರಕ್ಕೆ ಲಿನಕ್ಸ್ ಮಿಂಟ್ 22 ಸಾಕು. ಡ್ರೈವರ್ ಮ್ಯಾನೇಜರಲ್ಲೇ ಎನ್‌ವಿಡಿಯಾ ಸಿಗುತ್ತೆ, ಪರದೆ ನಡೆಸೋದು ಡೀಫಾಲ್ಟಾಗಿ ಹಳೇ ಎಕ್ಸ್11 ಆದ್ದರಿಂದ ಹಳೇ ಕಾರ್ಡಿಗೆ ತಂಟೆ ಕಮ್ಮಿ. ಸ್ಟೀಮ್‌ನವರದೇ ಲಿನಕ್ಸ್ ಆದ ಸ್ಟೀಮ್‌ಒಎಸ್ ಆಸೆ ಬೇಡ, ಅದನ್ನು ಕಟ್ಟಿರೋದು ಎಎಂಡಿ ಗ್ರಾಫಿಕ್ಸ್ ಲೆಕ್ಕದಲ್ಲಿ. ಸ್ಟೀಮನ್ನು ಡೆಬ್ ಪ್ಯಾಕೇಜಾಗಿಯೇ ಹಾಕಿ. ಫ್ಲಾಟ್‌ಪ್ಯಾಕ್ (ಬೇಲಿಯೊಳಗೆ ಓಡುವ ಪ್ಯಾಕೇಜು) ಹಾಕಿದರೆ ಎರಡನೇ ಡಿಸ್ಕ್ ಅದರ ಕಣ್ಣಿಗೆ ಬೀಳಲ್ಲ, ಅನುಮತಿ ಬೇರೆ ಕೊಡಬೇಕು.

ಗಾಗ್ ಆಟಗಳನ್ನು ಲಿನಕ್ಸ್‌ನಲ್ಲಿ ಹಾಕಿ ಓಡಿಸೋಕೆ ಹೀರೋಯಿಕ್ ಲಾಂಚರ್ ಅನ್ನೋ ಪ್ರೋಗ್ರಾಮ್. ಇವತ್ತೇ ಮಾಡಬೇಕಾದ ಕೆಲಸ ಒಂದಿದೆ: ಅವುಗಳ ಆಫ್‌ಲೈನ್ ಇನ್‌ಸ್ಟಾಲರ್‌ಗಳನ್ನು ಇಳಿಸಿ ಬೇರೆ ಡಿಸ್ಕಲ್ಲಿ ಇಡಿ. ಲಾಂಚರ್ ಮೂಲಕ ಹಾಕಿದ ಫೋಲ್ಡರ್ ಅಲ್ಲ, ವೆಬ್‌ಸೈಟಿಂದ ಇಳಿಸುವ ಇನ್‌ಸ್ಟಾಲರ್ ಫೈಲ್‌ಗಳು. ದೊಡ್ಡ ಆಟಗಳಲ್ಲಿ ಅದು ತುಂಡು ತುಂಡಾಗಿ ಬರುತ್ತೆ, ಒಂದು ತುಂಡು ತಪ್ಪಿದರೂ ಉಳಿದದ್ದು ಬರೀ ಭಾರ.

---

ರಿಂಗ್ ಝೀರೋ ಉತ್ತರ:

ಎರಡನೇ ಪ್ರಶ್ನೆಗೆ: ಎರಡೂ ನಿಜ. ಆದರೆ ಕಂಪನಿಗಳು ಕೊಡುವ ಕಾರಣ ಮತ್ತು ನಿಜವಾದ ಕಾರಣ ಒಂದೇ ಅಲ್ಲ.

ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಅನ್ನೋ ಆಂಟಿ-ಚೀಟ್‌ಗಳೆರಡೂ 2021ರಿಂದಲೇ ಪ್ರೋಟಾನ್‌ನಲ್ಲಿ ಓಡುತ್ತವೆ. ಸ್ಟುಡಿಯೋದವರು ತಮ್ಮ ಕಡೆಯಿಂದ ಅದಕ್ಕೆ ಒಪ್ಪಿಗೆ ಕೊಡಬೇಕು. ಈಸಿ ಆಂಟಿ-ಚೀಟ್ ಆದರೆ ಡ್ಯಾಶ್‌ಬೋರ್ಡಲ್ಲಿ ಲಿನಕ್ಸ್ ಆನ್ ಮಾಡಿ, ಒಂದು ಲೈಬ್ರರಿ ಫೈಲನ್ನು ಆಟದ ಜೊತೆ ಸೇರಿಸಬೇಕು. ಕೆಲಸ ದೊಡ್ಡದಲ್ಲ. ಹಾಗಾಗಿ "ಆಗಲ್ಲ" ಅನ್ನೋದು ಸುಳ್ಳು.

ಆದರೆ ಲಿನಕ್ಸ್‌ನಲ್ಲಿ ಓಡುವುದು ಯೂಸರ್ ಮಟ್ಟದ ಆವೃತ್ತಿ. ವಿಂಡೋಸ್‌ನಲ್ಲಿ ಇವೇ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡ್ರೈವರ್ ಹಾಕುತ್ತವೆ, ಅಂದರೆ ಅತಿ ಹೆಚ್ಚು ಅಧಿಕಾರದ ರಿಂಗ್ 0ಯಲ್ಲಿ ಕೂತು ಬೇರೆ ಪ್ರೋಗ್ರಾಮ್‌ಗಳ ಮೆಮೊರಿ, ಲೋಡ್ ಆಗುವ ಡ್ರೈವರ್‌ಗಳು, ಎಲ್ಲವನ್ನೂ ನೋಡಬಲ್ಲವು. ಲಿನಕ್ಸ್‌ನಲ್ಲಿ ಕರ್ನಲನ್ನೇ ಬಳಕೆದಾರ ತಾನೇ ತಿದ್ದಿ ಕಂಪೈಲ್ ಮಾಡಿಕೊಳ್ಳಬಹುದು. ಚೀಟ್ ಬರೆಯುವವನು ಮೆಮೊರಿ ಓದುವ ಕೋಡನ್ನು ಕರ್ನಲ್ ಒಳಗೇ ಬಚ್ಚಿಟ್ಟರೆ ಮೇಲಿರುವ ಆಂಟಿ-ಚೀಟಿಗೆ ಕರ್ನಲ್ ಹೇಳಿದ್ದೇ ವೇದವಾಕ್ಯ. ಈ ಆತಂಕ ನ್ಯಾಯವಾದದ್ದೇ. ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ 31ರಂದು ಲಿನಕ್ಸ್ ಬಾಗಿಲು ಹಾಕಿದಾಗ ಕೊಟ್ಟ ಕಾರಣವೂ ಇದೇ ಜಾಡಿನದು. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರಲ್ಲಿ ಬ್ಯಾಟಲ್‌ಐ ಬಂತು, ಲಿನಕ್ಸ್ ಆಯ್ಕೆ ಆನ್ ಮಾಡಲಿಲ್ಲ, ಆವತ್ತೇ ಬಂದ್. ಕಥೆಯ ಮೋಡ್ ಈಗಲೂ ಓಡುತ್ತೆ. ಲೀಗ್ ಆಫ್ ಲೆಜೆಂಡ್ಸ್ ವರ್ಷಗಟ್ಟಲೆ ವೈನ್ (ಪ್ರೋಟಾನ್‌ನ ಮೂಲ) ಮೇಲೆ ಓಡುತ್ತಿತ್ತು, 2024ರಲ್ಲಿ ವ್ಯಾನ್‌ಗಾರ್ಡ್ ಅನ್ನೋ ಕರ್ನಲ್ ಆಂಟಿ-ಚೀಟ್ ಬಂದ ಮೇಲೆ ನಿಂತಿತು. ವ್ಯಾಲೊರಂಟ್, ಫೋರ್ಟ್‌ನೈಟ್ ಬರಲ್ಲ. ಕೌಂಟರ್-ಸ್ಟ್ರೈಕ್ 2, ಡೋಟಾ 2 ನೇರವಾಗಿ ಲಿನಕ್ಸ್‌ಗೇ ಇವೆ.

ವರ್ಚುವಲ್ ಮೆಷೀನ್ (ಕಂಪ್ಯೂಟರೊಳಗಿನ ನಕಲಿ ಕಂಪ್ಯೂಟರ್) ಒಳಗೆ ವಿಂಡೋಸ್ ಹಾಕಿ ಇವನ್ನು ಆಡುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪತ್ತೆಯಾದರೆ ಖಾತೆ ಬ್ಯಾನ್, ಮೇಲ್ಮನವಿಗೆ ಬರೋದು ಯಂತ್ರದ ಉತ್ತರ. ಅಂಥ ಆಟ ಬೇಕೇ ಬೇಕು ಅಂದ್ರೆ ವಿಂಡೋಸನ್ನು ಬೇರೆ ಎಸ್‌ಎಸ್‌ಡಿಯಲ್ಲಿ ಉಳಿಸಿಕೊಳ್ಳಿ. ಒಂದೇ ಡಿಸ್ಕಲ್ಲಿ ಎರಡನ್ನೂ ಇಟ್ಟರೆ ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಶನ್ ಒಂದೇ ಆಗುತ್ತೆ. ವಿಂಡೋಸ್ ಮಾಡುವ ಆ ಪಾರ್ಟಿಶನ್ ಸಾಮಾನ್ಯವಾಗಿ 100 ಎಂಬಿ, ಕೆಲವು ಡಿಸ್ಟ್ರೋಗಳಿಗೆ ಅದು ಸಾಲದು. ದೊಡ್ಡ ಅಪ್‌ಡೇಟ್ ಆದ ಮೇಲೆ ಬೂಟ್ ಕ್ರಮ ಬದಲಾಗಿ ಲಿನಕ್ಸ್ ಮಾಯವಾದಂತೆ ಕಾಣುವುದೂ ಉಂಟು. ಎರಡು ವ್ಯವಸ್ಥೆ ಇಟ್ಟಾಗ ಗಡಿಯಾರ ತಪ್ಪು ತೋರಿಸಿದರೆ ಗಾಬರಿಯಾಗಬೇಡಿ: ವಿಂಡೋಸ್ ಬೋರ್ಡಿನ ಗಡಿಯಾರವನ್ನು ಸ್ಥಳೀಯ ಸಮಯ ಅಂದುಕೊಳ್ಳುತ್ತೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಅಂದುಕೊಳ್ಳುತ್ತೆ. ಎರಡರಲ್ಲಿ ಒಂದರ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತೆ.

ಈಗ ನೀತಿಯ ಮಾತು. ಕರ್ನಲ್ ಆಂಟಿ-ಚೀಟ್ ಇದ್ದೂ ಚೀಟ್ ನಿಂತಿಲ್ಲ. ಪಿಸಿಐ ಸ್ಲಾಟಿಗೆ ಕಾರ್ಡ್ ಸಿಕ್ಕಿಸಿ ಮೆಮೊರಿಯನ್ನು ನೇರವಾಗಿ ಓದಿ ಇನ್ನೊಂದು ಕಂಪ್ಯೂಟರಿಗೆ ಕಳಿಸುವ ಡಿಎಂಎ ಚೀಟ್‌ಗಳಿವೆ, ಆಟ ಓಡುವ ಯಂತ್ರದಲ್ಲಿ ಚೀಟ್ ಪ್ರೋಗ್ರಾಮೇ ಇರಲ್ಲ. ಅದಕ್ಕೇ ಈಗ ಸೆಕ್ಯೂರ್ ಬೂಟ್ (ಸಹಿ ಇರುವ ಕೋಡನ್ನಷ್ಟೇ ಬೂಟ್‌ಗೆ ಬಿಡುವುದು), ಟಿಪಿಎಂ (ಭದ್ರತಾ ಚಿಪ್), ಐಒಎಂಎಂಯು (ಕಾರ್ಡ್‌ಗಳು ಯಾವ ಮೆಮೊರಿ ಮುಟ್ಟಬಹುದು ಅಂತ ನಿಯಂತ್ರಿಸುವ ಭಾಗ) ಅಂತ ಬೇಡಿಕೆ ಬೆಳೀತಾ ಹೋಗ್ತಿರೋದು. ಇತ್ತ ಅಪಾಯ ಎಲ್ಲ ಬಳಕೆದಾರನ ತಲೆಗೆ. ಗೆನ್ಶಿನ್ ಇಂಪ್ಯಾಕ್ಟ್‌ನ ಆಂಟಿ-ಚೀಟ್ ಡ್ರೈವರಿಗೆ ಸರಿಯಾದ ಸಹಿ ಇತ್ತು. ಆ ಆಟ ಇಲ್ಲದ ಯಂತ್ರಗಳಿಗೂ ಆ ಡ್ರೈವರನ್ನು ಹೊತ್ತೊಯ್ದು, ಅದರ ಮೂಲಕ ಆಂಟಿವೈರಸ್ ಕೊಂದು ರ‍್ಯಾನ್‌ಸಮ್‌ವೇರ್ ಹಾಕಿದ್ದು 2022ರಲ್ಲಿ ಬೆಳಕಿಗೆ ಬಂತು. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು. ಅದು ಆಟದ ಸಾಫ್ಟ್‌ವೇರ್ ಅಲ್ಲ, ಆದರೆ ಕೂತಿದ್ದ ಜಾಗ ಅದೇ ರಿಂಗ್ 0.

ಕರ್ನಲ್ ಆಂಟಿ-ಚೀಟನ್ನೇ ನಿಷೇಧಿಸಿ ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ. ಮೂರು ಕಟ್ಟಳೆ ಸಾಕು: ಕೊಳ್ಳುವ ಮೊದಲೇ ಹೇಳಬೇಕು (ಸ್ಟೀಮ್ 2024ರ ಅಕ್ಟೋಬರಿಂದ ಅಂಗಡಿ ಪುಟದಲ್ಲಿ ಇದನ್ನು ಕಡ್ಡಾಯ ಮಾಡಿದೆ), ಆಟ ತೆಗೆದಾಗ ಡ್ರೈವರ್ ಕೂಡ ಪೂರ್ತಿ ಹೋಗಬೇಕು, ಒಂಟಿಯಾಗಿ ಆಡುವ ಮೋಡಿಗೆ ಅದು ಲೋಡ್ ಆಗಲೇಕೂಡದು. ಮಾರಿದ ಮೇಲೆ ಅಪ್‌ಡೇಟ್ ಮೂಲಕ ತಂದು ಹೇರಿದರೆ ಹಣ ವಾಪಸ್. ಇದು ನಾಲ್ಕಾಯ್ತು, ಇರಲಿ.

---

ಸರ್ವರ್ ಸಾಹೇಬ ಉತ್ತರ:

ಮೂರನೇ ಪ್ರಶ್ನೆಗೆ ಎರಡು ಕಡೆಯವರೂ ಉತ್ಪ್ರೇಕ್ಷೆ ಮಾಡುತ್ತಾರೆ. "ಸರ್ವರ್ ಫೈಲ್ ಕೊಟ್ಟುಬಿಡಿ, ಮುಗೀತು" ಅನ್ನುವವರಿಗೆ ಒಳಗೆ ಏನಿದೆ ಗೊತ್ತಿಲ್ಲ. "ಅಸಾಧ್ಯ" ಅನ್ನುವ ಕಂಪನಿಗಳಿಗೆ ಗೊತ್ತಿದೆ, ಆದರೂ ಹೇಳುತ್ತವೆ.

ಸಂದರ್ಭ ಮೊದಲು. ದಿ ಕ್ರೂ 2014ರ ಡಿಸೆಂಬರಲ್ಲಿ ಬಂದ ಕಾರ್ ಓಟದ ಆಟ. ಒಬ್ಬರೇ ಆಡುವ ಭಾಗವೇ ದೊಡ್ಡದಿತ್ತು, ಆದರೂ ಸರ್ವರ್ ಸಂಪರ್ಕ ಕಡ್ಡಾಯ. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಕೊಂಡವರೆಲ್ಲರ ಆಟ ಒಟ್ಟಿಗೆ ಸತ್ತಿತು. ಅದರ ಬೆನ್ನಲ್ಲೇ ಯೂಟ್ಯೂಬರ್ ರಾಸ್ ಸ್ಕಾಟ್ ಶುರುಮಾಡಿದ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿ ಯುರೋಪಿಯನ್ ಒಕ್ಕೂಟದ ನಾಗರಿಕ ಉಪಕ್ರಮವಾಗಿ (ಜನರ ಸಹಿ ಸಂಗ್ರಹದ ಅರ್ಜಿ) ಬೆಳೆದು, 2025ರ ಜುಲೈ 31ರ ಗಡುವಿನೊಳಗೆ 10 ಲಕ್ಷ ಸಹಿಯ ಗೆರೆ ದಾಟಿತು. ಒಂದು ತಪ್ಪು ತಿಳಿವಳಿಕೆ ಇಲ್ಲಿ ಸಾಮಾನ್ಯ: ಸಹಿ ದಾಟಿದರೆ ಕಾನೂನು ಆಗುವುದಿಲ್ಲ. ಯುರೋಪಿಯನ್ ಆಯೋಗ ಪರಿಶೀಲಿಸಿ ಉತ್ತರ ಕೊಡಲೇಬೇಕು, ಮಸೂದೆ ತರಲೇಬೇಕೆಂದಿಲ್ಲ. ಮತ್ತು ಅವರು ಕೇಳಿದ್ದು ಸರ್ವರನ್ನು ಸದಾಕಾಲ ನಡೆಸಿ ಎಂದಲ್ಲ. ಬೆಂಬಲ ನಿಲ್ಲಿಸುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದು.

ಕ್ಯಾಲಿಫೋರ್ನಿಯಾದ ಎಬಿ 2426 ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಕೊಡುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ "ಬೈ" (ಕೊಳ್ಳಿ) ಎಂಬ ಮಾತು ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಟ್ಟುಕೊಂಡು ಆಫ್‌ಲೈನ್ ಬಳಸಬಹುದಾದ ಸರಕಿಗೆ ವಿನಾಯಿತಿ ಇದೆ. ಸ್ಟೀಮ್ ಕಾರ್ಟಿನ ಕೆಳಗೆ ಬರುವ ಒಂದು ಸಾಲಿನ ಸೂಚನೆ ಈ ಗಾಳಿಯಲ್ಲೇ ಬಂದದ್ದು. ನನ್ನ ಲೆಕ್ಕದಲ್ಲಿ ಇದು ಬರೀ ಬೋರ್ಡು. "ಈ ಸೇತುವೆ ಬೀಳಬಹುದು" ಎಂದು ಬೋರ್ಡು ಹಾಕಿದರೆ ಸೇತುವೆ ಗಟ್ಟಿಯಾಗುವುದಿಲ್ಲ.

ಈಗ ಎಂಜಿನಿಯರಿಂಗ್. "ಗೇಮ್ ಸರ್ವರ್" ಎಂಬ ಒಂದೇ ವಸ್ತು ಇಲ್ಲ. ಪಂದ್ಯ ನಡೆಸುವ ಪ್ರೋಗ್ರಾಮ್ ಇದೆ: ಅದು ಸಾಮಾನ್ಯವಾಗಿ ಅದೇ ಗೇಮ್ ಎಂಜಿನ್, ಚಿತ್ರ ಬಿಡಿಸುವ ಭಾಗ ಕಿತ್ತದ್ದು. ಅದರ ಸುತ್ತ ಲಾಗಿನ್, ಜೋಡಿ ಹುಡುಕುವ ಮ್ಯಾಚ್‌ಮೇಕಿಂಗ್, ಆಟಗಾರನ ಸಾಮಾನು-ಅಂಕ ಇಡುವ ಡೇಟಾಬೇಸ್, ಅಂಗಡಿ, ಲೀಡರ್‌ಬೋರ್ಡ್, ಟೆಲಿಮೆಟ್ರಿ (ಬಳಕೆಯ ಮಾಹಿತಿ ಸಂಗ್ರಹ), ಹೀಗೆ ಹತ್ತಾರು ಸಣ್ಣ ಸೇವೆಗಳು, ಹೆಚ್ಚಿನವು ಒಂದು ನಿರ್ದಿಷ್ಟ ಕ್ಲೌಡಿನ ಸೌಲಭ್ಯಗಳಿಗೆ ಅಂಟಿಕೊಂಡೇ ಬರೆದವು. ಇದನ್ನೆಲ್ಲ ಪೊಟ್ಟಣ ಕಟ್ಟಿ ಕೊಡುವುದು ನಿಜಕ್ಕೂ ಕಷ್ಟ. ಜೊತೆಗೆ ಬೇರೆಯವರಿಂದ ಪರವಾನಗಿ ಪಡೆದ ಲೈಬ್ರರಿಗಳನ್ನು ಹೊರಗೆ ಹಂಚುವಂತಿಲ್ಲ. ಆಟಗಾರರ ಡೇಟಾವನ್ನಂತೂ ಕೊಡಲೇಕೂಡದು.

ಆದರೆ ಸತ್ತ ಆಟಕ್ಕೆ ಇವುಗಳಲ್ಲಿ ಬೇಕಾಗುವುದು ಎಷ್ಟು? ಅಂಗಡಿ ಬೇಡ, ಟೆಲಿಮೆಟ್ರಿ ಬೇಡ, ಲೀಡರ್‌ಬೋರ್ಡ್ ಬೇಡ. ಮ್ಯಾಚ್‌ಮೇಕಿಂಗ್ ಬದಲು ಐಪಿ ವಿಳಾಸ ಟೈಪ್ ಮಾಡುವ ಒಂದು ಪೆಟ್ಟಿಗೆ ಸಾಕು. ಲಾಗಿನ್ ಬದಲು ಹೆಸರು ಕೇಳಿದರೆ ಸಾಕು. ಆಟಗಾರನ ಪ್ರಗತಿಯನ್ನು ಅವನ ಡಿಸ್ಕಿನ ಒಂದು ಫೈಲಿನಲ್ಲಿ ಬರೆದರಾಯಿತು. ಆಗ ಉಳಿಯುವುದು ಪಂದ್ಯ ನಡೆಸುವ ಪ್ರೋಗ್ರಾಮ್ ಒಂದೇ, ಅದರ ಸೋರ್ಸ್ (ಬರೆದ ಕೋಡ್) ಕೂಡ ಬೇಡ, ಬೈನರಿ (ಓಡುವ ಫೈಲ್) ಕೊಟ್ಟರೆ ಸಾಕು. ನಾಕೌಟ್ ಸಿಟಿಯವರು 2023ರಲ್ಲಿ ಸರ್ವರ್ ಮುಚ್ಚುವಾಗ ಪಿಸಿಗೆ ಖಾಸಗಿ ಸರ್ವರ್ ಆವೃತ್ತಿಯನ್ನೇ ಕೊಟ್ಟು ಹೋದರು. ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್ 2024ರ ಜನವರಿ 31ರಂದು ಆನ್‌ಲೈನ್ ನಿಲ್ಲಿಸಿದಾಗ ಒಬ್ಬರೇ ಆಡುವ ಭಾಗದ ಬಹುಪಾಲು ಉಳಿಯುವಂತೆ ಪ್ಯಾಚ್ ಮಾಡಿದರು. ಸಿಟಿ ಆಫ್ ಹೀರೋಸ್ 2012ರಲ್ಲಿ ಮುಚ್ಚಿ, ಅಭಿಮಾನಿಗಳ ಸರ್ವರಿಗೆ 2024ರಲ್ಲಿ ಕಂಪನಿಯೇ ಪರವಾನಗಿ ಕೊಟ್ಟಿತು. ಇದು ಆಗದ ಕೆಲಸವೇನಲ್ಲ.

ಎಲ್ಲಿ ಎಡವಟ್ಟಾಗುತ್ತದೆ ಎಂದರೆ, ಇದನ್ನು ಕೊನೆಯ ತಿಂಗಳಲ್ಲಿ ಯೋಚಿಸಿದಾಗ. ಆ ಹೊತ್ತಿಗೆ ಬರೆದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಬಿಲ್ಡ್ ಯಂತ್ರ ಕಳಚಿರುತ್ತದೆ, ಕ್ಲೈಂಟಿನೊಳಗೆ ಸರ್ವರಿನ ಡೊಮೇನ್ ಹೆಸರೂ ಸರ್ಟಿಫಿಕೇಟೂ ಗಟ್ಟಿಯಾಗಿ ಕೂತಿರುತ್ತವೆ. ಮೊದಲ ದಿನವೇ ವಿಳಾಸವನ್ನು ಒಂದು ಕಾನ್ಫಿಗ್ ಫೈಲಿನಿಂದ ಓದುವಂತೆ ಬರೆದಿದ್ದರೆ ಖರ್ಚು ನಗಣ್ಯ. ಆದ್ದರಿಂದ ಕಾನೂನು ಹಳೆಯ ಆಟಗಳಿಗೆ ಹಿಂದಿನಿಂದ ಅನ್ವಯವಾಗುವುದು ಬೇಡ, ಮುಂದೆ ಮಾರುವ ಆಟಗಳಿಗೆ ಮಾತ್ರ ಇರಲಿ. ಮಾರುವ ಮುನ್ನ "ಕೊನೆಗಾಲದ ಯೋಜನೆ" ಒಂದು ಪುಟದಲ್ಲಿ ಸಲ್ಲಿಸಬೇಕು: ಆಫ್‌ಲೈನ್ ಪ್ಯಾಚ್, ಇಲ್ಲವೇ ಸರ್ವರ್ ಬೈನರಿ, ಇಲ್ಲವೇ ಪೂರ್ತಿ ಹಣ ವಾಪಸ್. ಕಾಂಕಾರ್ಡ್ 2024ರ ಆಗಸ್ಟ್ 23ಕ್ಕೆ ಬಿಡುಗಡೆಯಾಗಿ ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ಕೊಂಡ ಎಲ್ಲರಿಗೂ ಹಣ ಹಿಂದಿರುಗಿಸಿದರು. ಆಟ ಉಳಿಯಲಿಲ್ಲ, ಆದರೆ ಕೊಂಡವನಿಗೆ ಮೋಸವಾಗಲಿಲ್ಲ. ತಿಂಗಳ ಚಂದಾ ಕಟ್ಟುವ ಆಟಗಳನ್ನು ಇದರಿಂದ ಹೊರಗಿಡಬೇಕು, ಅಲ್ಲಿ ಕೊಳ್ಳುತ್ತಿರುವುದು ಸೇವೆಯೇ.

ಇನ್ನೊಂದು: ಅಂಗಡಿಯಿಂದ ತೆಗೆಯುವುದನ್ನೂ ಸರ್ವರ್ ಮುಚ್ಚುವುದನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಫೋರ್ಝಾ ಹೊರೈಝನ್ 4 ಅನ್ನು 2024ರ ಡಿಸೆಂಬರಲ್ಲಿ ಮಾರಾಟದಿಂದ ತೆಗೆದರು, ಕಾರು ಮತ್ತು ಹಾಡುಗಳ ಪರವಾನಗಿಯ ಅವಧಿಯೇ ಕಾರಣ. ಕೊಂಡಿದ್ದವರು ಆಡುತ್ತಲೇ ಇದ್ದಾರೆ.

---

ನಲ್ ಪಾಯಿಂಟರ್ ಉತ್ತರ:

ಸಾಹೇಬರ ಮಾತಿಗೆ ಒಂದು ತಕರಾರು. "ಮುಂದೆ ಮಾರುವ ಆಟಗಳಿಗೆ ಮಾತ್ರ" ಅಂದರೆ ಈಗಿರುವ ರಾಶಿ ಏನಾಗಬೇಕು? ಅದಕ್ಕೆ ಬೇಕಿರೋದು ಕಂಪನಿಯ ಮೇಲೆ ಹೊರೆ ಅಲ್ಲ, ಬಳಕೆದಾರನ ಕೈ ಬಿಚ್ಚೋದು. ಅಮೆರಿಕದಲ್ಲಿ ಡಿಜಿಟಲ್ ಬೀಗ ಒಡೆಯೋದನ್ನು ತಡೆಯುವ ಡಿಎಂಸಿಎ (ಕೃತಿಸ್ವಾಮ್ಯ ಕಾನೂನು) 1201ನೇ ಕಲಮಿಗೆ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೊಡ್ತಾರೆ. ಲಾಗಿನ್ ಸರ್ವರ್ ಸತ್ತ ಆಟಕ್ಕೆ 2015ರಲ್ಲೇ ವಿನಾಯಿತಿ ಸಿಕ್ಕಿದೆ. ಆದರೆ ಗ್ರಂಥಾಲಯಗಳು ಸಂರಕ್ಷಿಸಿದ ಆಟವನ್ನು ಸಂಶೋಧಕರಿಗೆ ದೂರದಿಂದ ತೋರಿಸೋಕೆ ಕೇಳಿದ ಅನುಮತಿಯನ್ನು 2024ರ ಅಕ್ಟೋಬರಲ್ಲಿ ತಳ್ಳಿಹಾಕಿದರು. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತ್ತು. ಕೊನೆಗಾಲದ ಯೋಜನೆ ಅವಕ್ಕೆ ಯಾವ ಉಪಕಾರವನ್ನೂ ಮಾಡಲ್ಲ.

ಹಳೇ ಆಟಗಳು ಬದುಕೋದು ಸುಲಭವೂ ಹೌದು. ಗೇಮ್‌ಸ್ಪೈ ಅನ್ನೋ ಆನ್‌ಲೈನ್ ಆಟದ ಸೇವೆ 2014ರ ಮೇ 31ಕ್ಕೆ ಮುಚ್ಚಿದಾಗ ರಾಶಿ ಆಟಗಳ ಮಲ್ಟಿಪ್ಲೇಯರ್ ಬಿತ್ತು, ಆದರೆ ಅಲ್ಲಿ ಕಳೆದದ್ದು ಬಹುಮಟ್ಟಿಗೆ ಮಾಸ್ಟರ್ ಸರ್ವರ್ ಮಾತ್ರ, ಅಂದ್ರೆ ಯಾವ ಐಪಿಯಲ್ಲಿ ಆಟ ನಡೀತಿದೆ ಅನ್ನೋ ಪಟ್ಟಿ. ಅದೇ ಭಾಷೆ ಮಾತಾಡುವ ಇನ್ನೊಂದು ಪಟ್ಟಿ ಸರ್ವರ್ ಎಬ್ಬಿಸಿ, ಹೋಸ್ಟ್ಸ್ ಫೈಲಲ್ಲಿ ಹಳೇ ಹೆಸರನ್ನು ಹೊಸ ಐಪಿಗೆ ತಿರುಗಿಸಿದರೆ ಎಷ್ಟೋ ಆಟ ಎದ್ದು ಕೂತವು.

ಈಗಿನ ಆಟಕ್ಕೆ ಅಷ್ಟು ಸಲೀಸಲ್ಲ, ಮಾತುಕತೆ ಎನ್‌ಕ್ರಿಪ್ಟ್ ಆಗಿರುತ್ತೆ. ಹಾಗಾಗಿ ಮುಚ್ಚುವ ದಿನಾಂಕ ಘೋಷಣೆಯಾದ ಕೂಡಲೇ ಕೆಲಸ ಶುರುವಾಗಬೇಕು. ಸರ್ವರ್ ಬದುಕಿರುವಾಗಲೇ ಪ್ಯಾಕೆಟ್ (ಆಟ-ಸರ್ವರ್ ನಡುವೆ ಹೋಗಿಬರುವ ಡೇಟಾ) ಹಿಡಿದಿಟ್ಟುಕೊಳ್ಳಬೇಕು. ಲಾಗಿನ್, ಹೊಸ ಪಾತ್ರ, ಒಂದು ಪಂದ್ಯ, ಹಂತ ಏರಿದ್ದು, ಸಂಪರ್ಕ ಕಡಿದು ಮತ್ತೆ ಸೇರಿದ್ದು, ಒಂದೊಂದಕ್ಕೂ ಬೇರೆ ಬೇರೆ ಕಡತ. ಪಕ್ಕದಲ್ಲಿ ಪರದೆಯ ವಿಡಿಯೋ, ಎರಡರ ಸಮಯ ತಾಳೆಯಾಗೋ ಹಾಗೆ. ಕ್ಲೈಂಟಿನ ಕೊನೆಯ ಆವೃತ್ತಿಯನ್ನೂ ಬಿಡದೆ ಎತ್ತಿಡಿ. ಮುಚ್ಚಿದ ಮರುದಿನದಿಂದ ಸರ್ವರ್ ಏನು ಉತ್ತರ ಕೊಡ್ತಿತ್ತು ಅನ್ನೋದು ಬರೀ ಊಹೆ. ನಿಮ್ಮ ಟೋಕನ್, ಪಾಸ್‌ವರ್ಡ್ ಆ ಕಡತಗಳಲ್ಲೇ ಇರುತ್ತೆ, ಹಾಗೇ ತಗೊಂಡೋಗಿ ಸಾರ್ವಜನಿಕವಾಗಿ ಹಾಕಬೇಡಿ.

ಅಂದಹಾಗೆ ನೀತಿ ಅಂದ್ರೆ ಸರ್ಕಾರ ಮಾತ್ರ ಅಲ್ಲ. ಲಿನಕ್ಸ್‌ನ ಮುಕ್ತ ಎಎಂಡಿ ಡ್ರೈವರಲ್ಲಿ ಎಚ್‌ಡಿಎಂಐ 2.1 (ಪರದೆಗೆ ಚಿತ್ರ ಸಾಗಿಸುವ ಮಾನದಂಡ) ಬರದಂತೆ 2024ರ ಫೆಬ್ರವರಿಯಲ್ಲಿ ತಡೆದದ್ದು ಎಚ್‌ಡಿಎಂಐ ಫೋರಂ. ಕೋಡ್ ಇತ್ತು, ಅನುಮತಿ ಇರಲಿಲ್ಲ. ಪುಟ್ಟ ಅವರೇ, ಮುಂದೆ ಎಎಂಡಿ ಕಾರ್ಡ್ ತಗೊಂಡು 4ಕೆ 120 ಹರ್ಟ್ಸ್ ಆಸೆಪಟ್ಟರೆ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರನ್ನೇ ನೋಡಿ.

---

ಪಿಕ್ಸೆಲ್ ಪುಟ್ಟ:

ಎಲ್ಲರಿಗೂ ಥ್ಯಾಂಕ್ಸ್. ಮಿಂಟ್ ಹಾಕಿ, ಡ್ರೈವರ್ ಮ್ಯಾನೇಜರಿಂದ 580 ಹಾಕಿದ್ದಾಯ್ತು. ಆದ್ರೆ ಆಟ ಸ್ಲೈಡ್ ಶೋ ಥರ ಓಡ್ತಿದೆ, ಸೆಕೆಂಡಿಗೆ 2 ಫ್ರೇಮ್. ಗ್ರಾಫಿಕ್ಸ್ ವಿವರ ತೋರಿಸುವ ವಲ್ಕನ್‌ಇನ್ಫೋದಲ್ಲಿ 1060 ಇಲ್ಲ, ಎಲ್‌ಎಲ್‌ವಿಎಂಪೈಪ್ ಅಂತ ಮಾತ್ರ ತೋರಿಸ್ತಿದೆ.

---

ಅರ್ಧರಾತ್ರಿ ಕಂಪೈಲರ್:

ಎಲ್‌ಎಲ್‌ವಿಎಂಪೈಪ್ ಅಂದ್ರೆ ಚಿತ್ರ ಬಿಡಿಸ್ತಿರೋದು ಪ್ರೊಸೆಸರ್. ಡ್ರೈವರ್ ಡಿಸ್ಕಲ್ಲಿದೆ, ಕರ್ನಲ್‌ಗೆ ಲೋಡ್ ಆಗಿಲ್ಲ. ಸೆಕ್ಯೂರ್ ಬೂಟ್ ಆನ್ ಇದೆ ಅನ್ಸುತ್ತೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿರುತ್ತೆ. ಆಮೇಲೆ ರೀಬೂಟ್ ಆದಾಗ ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಅಂತ 10 ಸೆಕೆಂಡ್ ಕಾಯುತ್ತೆ. ಒತ್ತದಿದ್ದರೆ ಸುಮ್ಮನೆ ಬೂಟ್ ಆಗಿಬಿಡುತ್ತೆ, ಸಹಿಯ ಕೀ ನೋಂದಣಿ ಆಗಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿ, ಪಾಸ್‌ವರ್ಡ್ ಬರೆದಿಟ್ಕೊಳ್ಳಿ, ರೀಬೂಟಲ್ಲಿ ಆ ಪರದೆ ಬಂದಾಗ "ಎನ್‌ರೋಲ್ ಎಂಒಕೆ", "ಕಂಟಿನ್ಯೂ", "ಯೆಸ್", ಆಮೇಲೆ ಪಾಸ್‌ವರ್ಡ್. ಆ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲಿರುತ್ತೆ, ಅದಕ್ಕೆ ಪಾಸ್‌ವರ್ಡಲ್ಲಿ ಚಿಹ್ನೆ ಬೇಡ, ಅಕ್ಷರ-ಅಂಕಿ ಮಾತ್ರ ಇರಲಿ. ಇಷ್ಟಾದ ಮೇಲೂ ಎಲ್‌ಎಲ್‌ವಿಎಂಪೈಪೇ ಬಂದ್ರೆ ಕರ್ನಲ್ ದಾಖಲೆ ತೋರಿಸುವ ಡಿಮೆಸೇಜ್‌ನಲ್ಲಿ ಎನ್‌ವಿಡಿಯಾ ಅಂತ ಇರೋ ಸಾಲುಗಳನ್ನು ಇಲ್ಲಿ ಹಾಕಿ.

---

ಪಿಕ್ಸೆಲ್ ಪುಟ್ಟ:

ನೀಲಿ ಪರದೆ ಬಂತು, ನೋಂದಣಿ ಆಯ್ತು. ಈಗ 1060 ಕಾಣ್ತಿದೆ. 64-ಬಿಟ್ ಆಟಗಳು ಸರಿ, ಒಂದು 2007ರ ಆಟ ಮಾತ್ರ ತೆರೆದ ಕೂಡಲೇ ಮುಚ್ಚಿಕೊಳ್ತಿದೆ.

---

ಅರ್ಧರಾತ್ರಿ ಕಂಪೈಲರ್:

ಅದು 32-ಬಿಟ್ ಆಟ. 580ಕ್ಕೆ ಹೊಂದುವ 32-ಬಿಟ್ ಎನ್‌ವಿಡಿಯಾ ಲೈಬ್ರರಿ ಇದೆಯಾ ನೋಡಿ, ಆವೃತ್ತಿ ಸಂಖ್ಯೆ ಕೊನೆಯ ಅಂಕಿವರೆಗೂ ಒಂದೇ ಇರಬೇಕು.